ಬರೀ ನೀವಿಬ್ಬರೇ ಹೋದದ್ದಾ?

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ಗೆ ಹೋಗಿ ಬಂದ ಮೇಲೆ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಊರು ಹೇಗಿತ್ತು, ಎಂತ ತಿಂದಿರಿ ಎಂದು ಕೇಳಿದವರು ಕಡಿಮೆ. "ಯಜಮಾನರು ಬರಲಿಲ್ವಾ? ಮಕ್ಕಳು? ಬರೀ ನೀವಿಬ್ಬರೇ ಹೋದದ್ದಾ?" ಮದುವೆ ಮನೆಯಲ್ಲಿ ಕೇಳಿದರು, ಕಲ್ಸಂಕದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದರು, ಮೀನು ಮಾರುವ ಅಕ್ಕನೂ ಕೇಳಿದರು. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೂ ಆ 'ಬರೀ' ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೌದು, ನಾವಿಬ್ಬರೇ. ನನಗೆ 54, ಅವಳಿಗೆ 55. "ನನ್ನ ಹೆಸರು ಹಾಕಬೇಡ ಮಾರಾಯ್ತಿ" ಎಂದಿದ್ದಾಳೆ, ಹಾಗಾಗಿ ಗೆಳತಿ ಎಂದೇ ಬರೆಯುತ್ತೇನೆ. ನಾನು ಉಡುಪಿಯವಳು, ಅವಳು ಮಂಗಳೂರಿನ ಜೆಪ್ಪುವಿನವಳು. ಡಿಗ್ರಿ ಓದುವಾಗ ಮೂರು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಒಂದೇ ಬಕೆಟ್, ಒಂದೇ ಉಪ್ಪಿನಕಾಯಿ ಬಾಟ್ಲಿ. ಆಮೇಲೆ ಇಬ್ಬರಿಗೂ ಮದುವೆಯಾಯಿತು. ಉಡುಪಿಗೂ ಮಂಗಳೂರಿಗೂ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ ಅಷ್ಟೇ, ಅಲ್ವಾ? ಆದರೆ 30 ವರ್ಷಗಳಲ್ಲಿ ನಾವು ಸಿಕ್ಕಿದ್ದೆಲ್ಲ ಮದುವೆ ಮುನ್ನಾದಿನದ ರೋಸ್‌ಗೆ, ಮದುವೆಗೆ, ಸತ್ತವರ ಬೊಜ್ಜಕ್ಕೆ. ಊಟದ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತು ಹತ್ತು ನಿಮಿಷ ಮಾತು. "ಫೋನ್ ಮಾಡು ಆಯ್ತಾ?" "ಮಾಡ್ತೇನೆ." ಅಲ್ಲಿಗೆ ಮುಗಿಯಿತು.

ಗಂಡನಿಗೆ ದಿನ ಕೊಡುತ್ತೇವೆ, ಮಕ್ಕಳಿಗೆ ವರ್ಷ ಕೊಡುತ್ತೇವೆ, ದೈವ ದೇವರ ಕೆಲಸಕ್ಕೆ ರಜೆ ಹಾಕುತ್ತೇವೆ. ಗೆಳತಿಗೆ ಮಾತ್ರ ಇವೆಲ್ಲ ಮುಗಿದು ಉಳಿದದ್ದು. ಉಳಿಯುವುದು ಎಂತದ್ದೂ ಇಲ್ಲ. ಅವಳ ಅಮ್ಮ ಹಾಸಿಗೆ ಹಿಡಿದು ತೀರಿಕೊಂಡಾಗ ನಾನು ಹೋಗಿ ಒಂದು ಗಂಟೆ ಕೂತು ಬಂದಿದ್ದೆ. ಹಿಂದೆ ಬರುವಾಗ ಸುರತ್ಕಲ್ ದಾಟುವವರೆಗೂ ಅತ್ತಿದ್ದೆ. ಅವಳು ಹೇಗಿದ್ದಾಳೆ ಎಂದು ನನಗೆ ಗೊತ್ತೇ ಇಲ್ಲ ಎಂದು ಆವತ್ತು ಅನ್ನಿಸಿತ್ತು. ಮರುವಾರ ಇಬ್ಬರೂ ಪಿಗ್ಮಿ ಶುರು ಮಾಡಿದೆವು.

ಪಿಗ್ಮಿ ನಮ್ಮ ಊರಿನದೇ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು. ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಹಣ ಕಟ್ಟಿಸಿಕೊಂಡು ಹೋಗುವ ಲೆಕ್ಕ. ನಮ್ಮ ಅಮ್ಮಂದಿರು ಅದರಲ್ಲೇ ಮಗಳ ಬಳೆ ಮಾಡಿಸಿದರು, ಮಾಡಿನ ಹೆಂಚು ಬದಲಾಯಿಸಿದರು. ನಾವು ಮೂರು ವರ್ಷ ಕಟ್ಟಿ ಟಿಕೆಟ್ ಮಾಡಿದೆವು. ವೀಸಾಕ್ಕೆ ಬೆರಳಚ್ಚು ಕೊಡಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದದ್ದು, 30,000 ಯೂರೋದ ವಿಮೆಯ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನೆಲ್ಲ ಬರೆಯುತ್ತಾ ಕೂರುವುದಿಲ್ಲ. ಬಜ್ಪೆಯಿಂದ ದುಬೈ, ದುಬೈಯಿಂದ ಲಿಸ್ಬನ್.

ಲಿಸ್ಬನ್ನೇ ಯಾಕೆ? ಅದು ಅವಳ ಆಸೆ. ಅವಳ ಮನೆಮಾತು ಕೊಂಕಣಿ. ಅಜ್ಜಿ ಬಾಯಲ್ಲಿ ಕೇಳಿದ ಪೋರ್ಚುಗೀಸ್ ಮಾತುಗಳು ಎಲ್ಲಿಂದ ಬಂದವು ಎಂದು ನೋಡಬೇಕಿತ್ತು ಅವಳಿಗೆ. ನನಗೆ ಆ ಊರಿನ ಬಗ್ಗೆ ಏನೂ ಗೊತ್ತಿರಲಿಲ್ಲ.

ನಾವು ಇಳಿದುಕೊಂಡದ್ದು ಆಲ್ಫಾಮಾ ಎಂಬ ಹಳೇ ಕೇರಿಯಲ್ಲಿ. 1755ರ ನವೆಂಬರ್ 1ರಂದು ಭೂಕಂಪ, ಬೆಂಕಿ, ಸಮುದ್ರದ ಅಲೆ ಮೂರೂ ಸೇರಿ ಲಿಸ್ಬನ್ನಿನ ದೊಡ್ಡ ಭಾಗವನ್ನೇ ನೆಲಸಮ ಮಾಡಿದವು. ಆಲ್ಫಾಮಾದ ಬಹುಪಾಲು ಉಳಿಯಿತು. ಹಾಗಾಗಿ ಓಣಿಗಳು ಇನ್ನೂ ಹಳೆಯವೇ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕು. ಎಲ್ಲ ಕಡೆ ಏರು, ಇಲ್ಲದಿದ್ದರೆ ಇಳಿಜಾರು. ಕಾಲಡಿಯಲ್ಲಿ ಸವೆದು ನುಣುಪಾದ ಸಣ್ಣ ಬಿಳಿ ಕಲ್ಲುಗಳು. ಮೇಲಿನಿಂದ ನೋಡಿದರೆ ಕೆಂಪು ಮಾಡುಗಳು, ಆಚೆ ತೇಜು ನದಿ. ಮಾಡಿಗೆ ನಮ್ಮ ಮಂಗಳೂರು ಹೆಂಚಲ್ಲ, ಹಳೇ ನಾಡ ಹೆಂಚಿನ ಹಾಗೆ ಅರ್ಧ ಕೊಳವೆಯಂಥದ್ದು. ಆದರೂ ಮೊದಲ ದಿನ ಅಲ್ಲಿ ನಿಂತು ಇಬ್ಬರೂ ಒಟ್ಟಿಗೆ "ಹಳೇ ಮಂಗಳೂರು!" ಎಂದೆವು.

ಅಂಗಡಿಗೆ ಹೋದರೆ ಇವಳಿಗೆ ಹಬ್ಬ. ಬಟಾಟೆಯ ರಾಶಿಯ ಮೇಲೆ ಬಟಾಟಾ ಎಂದೇ ಬರೆದಿದೆ. ಅನಾನಸ್ ಅಲ್ಲಿಯೂ ಅನನಾಸ್. ಕೊಂಕಣಿಯ ಜನೆಲ್ ಅವರ ಜನೆಲಾ, ಅಂದರೆ ಕಿಟಕಿ. ಪಾದ್ರಿ, ಚಾವಿ, ಪಗಾರ, ನಾವು ದಿನಾ ಆಡುವ ಈ ಮಾತುಗಳೆಲ್ಲ ಈ ಊರಿಂದ ಹಡಗು ಹತ್ತಿ ಬಂದವು. ಅವಳು ಒಂದೊಂದನ್ನೂ ಜೋರಾಗಿ ಓದಿ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. ಹಾಸ್ಟೆಲಿನಲ್ಲಿ ರಿಸಲ್ಟ್ ಬಂದ ದಿನವೂ ಹೀಗೇ ಮಾಡಿದ್ದಳು.

ಬೆಲೆಮ್‌ನ ಜೆರೋನಿಮೋಸ್ ಮಠದಲ್ಲಿ ವಾಸ್ಕೋ ಡ ಗಾಮನ ಸಮಾಧಿಯಿದೆ. ಮಲ್ಪೆಯ ಆಚೆಗಿನ ಸೇಂಟ್ ಮೇರೀಸ್ ದ್ವೀಪಕ್ಕೆ ಅವನು 1498ರಲ್ಲಿ ಬಂದಿದ್ದ ಎಂಬ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದವಳು. ಅವನ ಹಿಂದೆ ಬಂದ ಪೋರ್ಚುಗೀಸರಿಗೆ ಕಪ್ಪ ಕೊಡುವುದಿಲ್ಲ ಎಂದು ಎದ್ದು ನಿಂತ ಉಳ್ಳಾಲದ ಅಬ್ಬಕ್ಕನ ಕಥೆಯನ್ನೂ ಕೇಳಿದವಳು. ಗೆಳತಿಯ ಹಿರಿಯರು ಗೋವಾ ಬಿಟ್ಟು ಬಂದವರು. 1560ರಲ್ಲಿ ಅಲ್ಲಿ, ಕ್ರೈಸ್ತರಾದ ಮೇಲೂ ಹಳೇ ಆಚರಣೆ ಬಿಡದವರನ್ನು ಶಿಕ್ಷಿಸುವ ಪೋರ್ಚುಗೀಸರ ಧರ್ಮ ವಿಚಾರಣೆ ಶುರುವಾದ ಮೇಲೆ ಎಷ್ಟೋ ಕುಟುಂಬಗಳು ತೆಂಕು ದಿಕ್ಕಿಗೆ ಹೊರಟವು. ಸಮಾಧಿಯ ಮುಂದೆ ನಮ್ಮಿಬ್ಬರಿಗೂ ಏನು ಹೇಳುವುದೆಂದು ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಅವಳು, "ಇವರಿಂದ ನಮಗೆ ದೇವರೂ ಸಿಕ್ಕಿದ, ಮನೆ ಬಿಟ್ಟು ಓಡುವುದೂ ಸಿಕ್ಕಿತು" ಎಂದಳು. ಅದರ ಬಗ್ಗೆ ನದಿ ದಂಡೆಯಲ್ಲಿ ಎರಡು ಗಂಟೆ ಮಾತಾಡಿದೆವು. ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಬರುತ್ತಿತ್ತಾ ಹೇಳಿ.

ನಾಲ್ಕನೇ ದಿನ ಜಗಳವಾಯಿತು. ಇದನ್ನು ಬರೆಯಲೇಬೇಕು. ಗೆಳತಿಯರು ಒಟ್ಟಿಗೆ ಹೋದರೆ ಬರೀ ನಗು, ಬರೀ ಸೆಲ್ಫಿ ಎಂದು ತೋರಿಸುವುದು ಸುಳ್ಳು.

ನನಗೆ ಸಿಂತ್ರಾಕ್ಕೆ ಹೋಗಬೇಕಿತ್ತು. ರೋಸ್ಸಿಯೋ ಸ್ಟೇಷನ್ನಿನಿಂದ ರೈಲಿನಲ್ಲಿ 40 ನಿಮಿಷ, ಗುಡ್ಡದ ತುದಿಯಲ್ಲಿ ಹಳದಿ, ಕೆಂಪು ಬಣ್ಣದ ಪೆನಾ ಅರಮನೆ. ಅವಳ ಮೊಣಕಾಲು ಊದಿತ್ತು. "ಇವತ್ತು ನನ್ನಿಂದ ಆಗ್ಲಿಕ್ಕಿಲ್ಲ" ಎಂದಳು. ನಾನು, "ಇಷ್ಟು ದೂರ ಬಂದು ಕೋಣೆಯಲ್ಲಿ ಕೂರುವುದಾದರೆ ಮನೆಯಲ್ಲೇ ಕೂರಬಹುದಿತ್ತು" ಎಂದೆ. ಹೇಳಿದ ತಕ್ಷಣ ತಪ್ಪು ಎಂದು ಗೊತ್ತಾಯಿತು, ಆದರೆ ಬಾಯಿಂದ ಹೋಗಿ ಆಗಿತ್ತು. ಅವಳು ಮುಖ ತಿರುಗಿಸಿ, "ನೀನು ಹೋಗು" ಎಂದಳು. ಹೋದೆ. ಅರಮನೆ ಚೆಂದ ಉಂಟು. ಆದರೆ ಬಸ್ ಇಳಿದ ಮೇಲೂ ಹತ್ತುವುದಿದೆ, ಪ್ರತಿ ಮೆಟ್ಟಿಲಿಗೂ ನನ್ನ ತಲೆಯಲ್ಲಿ ಅವಳ ಮೊಣಕಾಲಿನದ್ದೇ ಲೆಕ್ಕ. ಅವಳಿಗೆ ನಿಜವಾಗಿ ಆಗುತ್ತಿರಲಿಲ್ಲ.

ವಾಪಸ್ ಬಂದಾಗ ಸಂಜೆ ಏಳು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತಕ್ಕೆ, ಇನ್ನೂ ಬಿಸಿಲು. ಬಾಗಿಲಿಗೆ ಬೀಗ. ಎರಡು ಚಾವಿ ಕೊಡುತ್ತೇವೆ ಎಂದಿದ್ದ ಮನೆಯವರು ಕೊಟ್ಟದ್ದು ಒಂದೇ. ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಎಲ್ಲಿಗೆ ಹೋದಳು? ಬಿದ್ದಳಾ? ಮೆಟ್ಟಿಲ ಮೇಲೆ ಕೂತೆ. ಕೈ ನಡುಗುತ್ತಿತ್ತು.

ಎದುರು ಮನೆಯ ಕಿಟಕಿಯಿಂದ ಒಬ್ಬರು ಅಜ್ಜಿ ಏನೋ ಕೇಳಿದರು. ನನಗೆ ಅವರ ಮಾತು ಬಾರದು, ಅವರಿಗೆ ಇಂಗ್ಲಿಷ್ ಬಾರದು. ಕೈಯನ್ನು ಬೀಗ ತಿರುಗಿಸುವ ಹಾಗೆ ತಿರುಗಿಸಿ, "ಚಾವಿ... ಚಾವಿ ಇಲ್ಲ" ಎಂದೆ. ಕನ್ನಡದಲ್ಲೇ. ಅಜ್ಜಿಯ ಕಣ್ಣು ಅರಳಿತು. "ಆ, ಷಾವ್! ಷಾವ್!" ಎಂದು ಅವರೂ ಕೈ ತಿರುಗಿಸಿದರು. ಒಳಗೆ ಹೋಗಿ ಒಂದು ಮರದ ಕುರ್ಚಿ ಎತ್ತಿಕೊಂಡು ಬಂದು ಓಣಿಯಲ್ಲಿ ಹಾಕಿದರು. ಒಂದು ಲೋಟ ನೀರು, ತಟ್ಟೆಯಲ್ಲಿ ನಾಲ್ಕು ಆಲಿವ್ ಕಾಯಿ. ಬಾಗಿಲ ಚೌಕಟ್ಟಿಗೆ ಒರಗಿ ನನ್ನ ಜೊತೆಯೇ ನಿಂತರು. ನನ್ನನ್ನು ಒಬ್ಬಳೇ ಬಿಟ್ಟು ಒಳಗೆ ಹೋಗಲಿಲ್ಲ. ಬೇರೆ ಯಾವ ಮಾತೂ ಇಲ್ಲ, ಆಗಾಗ ಓಣಿಯ ತುದಿ ನೋಡಿ "ಷಾವ್..." ಎಂದು ತಲೆಯಾಡಿಸುವುದು. ನಮ್ಮ ಅಡುಗೆ ಮನೆಯ ಮೊಳೆಗೆ ನೇತು ಹಾಕುವ ಆ ಮಾತು ನನಗೆ ಅಲ್ಲಿ ಕುರ್ಚಿ ಕೊಡಿಸಿತು. ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ಎಂಟು ಗಂಟೆಯ ಹೊತ್ತಿಗೆ ಗೆಳತಿ ಕೆಳಗಿನಿಂದ ಬಂದಳು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು. ಇನ್ನೊಂದು ಕೈಯಲ್ಲಿ ಸಣ್ಣ ಹೂಕುಂಡ. ಸಂತ ಅಂತೋನಿಯ ಇಗರ್ಜಿಗೆ ಹೋಗಿದ್ದಳಂತೆ. ಅವರು ಹುಟ್ಟಿದ ಜಾಗದಲ್ಲೇ ಆ ಇಗರ್ಜಿ ಕಟ್ಟಿದ್ದು ಎನ್ನುತ್ತಾರೆ. ಪಾದುವಾದ ಅಂತೋನಿ ಎಂದು ಲೋಕಕ್ಕೆ ಗೊತ್ತಿದ್ದರೂ ಹುಟ್ಟೂರು ಲಿಸ್ಬನ್. ಜೆಪ್ಪುವಿನ ಅಂತೋನಿ ಆಶ್ರಮದ ಗಂಟೆ ಕೇಳುತ್ತಾ ಬೆಳೆದವಳಿಗೆ ಆ ಒಂದು ಜಾಗ ಸಾಕಿತ್ತು. "ಚಾವಿ ನನ್ನ ಬ್ಯಾಗಿನಲ್ಲೇ ಉಂಟು ಅಂತ ಅಲ್ಲಿ ನೆನಪಾಯ್ತು. ಕೂಡಲೇ ಹೊರಟೆ. ಹತ್ತಲಿಕ್ಕೆ ಇಷ್ಟು ಹೊತ್ತಾಯ್ತು" ಎಂದಳು. ನಾನು ಕ್ಷಮೆ ಕೇಳಿದೆ. ಅವಳು ಹೂಕುಂಡ ನನ್ನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತಳು.

ಅದು ಮಂಜೆರಿಕು ಎಂಬ ಗಿಡ. ನಮ್ಮ ಕಾಮಕಸ್ತೂರಿಯ ಬಳಗ, ಸಣ್ಣ ಎಲೆ, ಚೆಂಡಿನ ಹಾಗೆ ಒತ್ತಾಗಿ ಬೆಳೆಯುತ್ತದೆ. ಅಂತೋನಿ ಹಬ್ಬಕ್ಕೆ ಅಲ್ಲಿ ಪ್ರೀತಿಯವರಿಗೆ ಕೊಡುತ್ತಾರೆ. ಮೂಗನ್ನು ನೇರ ತಾಗಿಸಬಾರದಂತೆ. ನಾನು ಬಗ್ಗಿದಾಗ ಅಜ್ಜಿ ಬೇಡ ಬೇಡ ಎಂದು ಕೈಯಾಡಿಸಿದರು. ಎಲೆಯ ಮೇಲೆ ಅಂಗೈ ಸವರಿ, ಆ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ಮಾರನೇ ದಿನ ಜೂನ್ 12, ಹಬ್ಬದ ರಾತ್ರಿ. ಓಣಿ ಓಣಿಯಲ್ಲಿ ಕೆಂಡದ ಮೇಲೆ ಸಾರ್ಡೀನ್. ನಮ್ಮ ಬೂತಾಯಿಯ ಸಂಬಂಧಿ ಅದು, ಸ್ವಲ್ಪ ದಪ್ಪ. ಕಲ್ಲುಪ್ಪು ಬಿಟ್ಟರೆ ಮಸಾಲೆ ಇಲ್ಲ. ಒಂದು ತುಂಡು ಬ್ರೆಡ್ಡಿನ ಮೇಲೆ ಇಟ್ಟು ಕೊಡುತ್ತಾರೆ, ಮೀನಿನ ಎಣ್ಣೆ ಬ್ರೆಡ್ಡಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್ ಅಲ್ವಾ. ಹೊರಗೆ ಜಡಿಮಳೆ, ಒಳಗೆ ಒಣಮೀನು ಚಟ್ನಿಯ ಕಾಲ. ಇಲ್ಲಿ ನಾವು ಅಜ್ಜಿಯ ಮೆಟ್ಟಿಲ ಮೇಲೆ ಬೂತಾಯಿ ತಿನ್ನುತ್ತಿದ್ದೆವು. ಗೆಳತಿ ನಡುಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ, ಮುಳ್ಳಿಲ್ಲದ ಅರ್ಧವನ್ನು ನನ್ನ ಬ್ರೆಡ್ಡಿನ ಮೇಲೆ ಇಟ್ಟಳು. ಹಾಸ್ಟೆಲಿನಲ್ಲೂ ನನಗೆ ಮುಳ್ಳು ಬಿಡಿಸಿ ಕೊಡುತ್ತಿದ್ದವಳು ಅವಳೇ. ನಾನೇ ಮರೆತಿದ್ದೆ. ಅವಳ ಬೆರಳು ಮರೆತಿರಲಿಲ್ಲ.

ಆ ರಾತ್ರಿ ಎರಡು ಗಂಟೆಯವರೆಗೆ ಅಮ್ಮನ ಕೊನೆಯ ವರ್ಷದ ಬಗ್ಗೆ ಮಾತಾಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೇಳಿದ್ದು. ಆದರೆ ಇಷ್ಟು ಹೇಳಬಲ್ಲೆ: ಆ ಮಾತು ಹೊರಗೆ ಬರಲು ಐದು ದಿನ ಬೇಕಾಯಿತು. ನಡುವೆ ಒಂದು ಜಗಳ ಬೇಕಾಯಿತು. ಗಡಿಯಾರ ನೋಡದೆ, "ಮನೆಯಲ್ಲಿ ಕಾಯ್ತಾರೆ" ಎಂದು ಏಳದೆ ಇಬ್ಬರೂ ಒಂದೇ ಕಡೆ ಇರಬೇಕಾಯಿತು. ಪರವೂರೇ ಆಗಬೇಕೆಂದಿಲ್ಲ, ಆಗುಂಬೆಗೆ ಎರಡು ದಿನ ಹೋದರೂ ಸಾಕು ಎಂದು ಕೆಲವರು ಹೇಳಿದರು. ಇರಬಹುದು. ಆದರೆ ಆಗುಂಬೆಯಲ್ಲಿ ನನ್ನ ಫೋನ್ ದಿನಕ್ಕೆ ಹತ್ತು ಸಲ ಕರೆಯುತ್ತಿತ್ತು. ಕುಕ್ಕರ್ ವಿಸಿಲ್ ಎಷ್ಟು ಕೂಗಿಸಬೇಕು ಎಂದು ಕೇಳಲು ಲಿಸ್ಬನ್‌ಗೆ ಯಾರೂ ಫೋನ್ ಮಾಡಲಿಲ್ಲ.

ಮಂಜೆರಿಕು ಗಿಡವನ್ನು ತರಲು ಆಗಲಿಲ್ಲ. ಹೊರಡುವ ಬೆಳಿಗ್ಗೆ ಅಜ್ಜಿಯ ಕಿಟಕಿಯಲ್ಲಿಟ್ಟು ಬಂದೆವು.

ಈಗ ಮತ್ತೆ ಪಿಗ್ಮಿ ಶುರುವಾಗಿದೆ, ಇಬ್ಬರದ್ದೂ. ನನ್ನದು ಸಂಜೆ ಆರಕ್ಕೆ, ಅವಳದ್ದು ಬೆಳಿಗ್ಗೆ ಹತ್ತಕ್ಕೆ. ಎಲ್ಲಿಗೆ ಎಂದು ಇನ್ನೂ ಮಾತಾಡಿಲ್ಲ.