ನಮ್ಮ ಮನೆ ಮೇಲಿನ ಮೋಡ

ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಹವಾಮಾನ ವರದಿ ನೋಡಬೇಕು. ಒಂದು ಕನ್ನಡದ್ದು, ಒಂದು ಮಲಯಾಳಂದು. ಕನ್ನಡ ಚಾನೆಲ್‌ನ ಮೋಡ ಕಾರವಾರದಿಂದ ಹೊರಟು, ಉಡುಪಿ ದಾಟಿ, ಮಂಗಳೂರಿಗೆ ಬಂದು ಕೇರಳ ಗಡಿಯ ತಲಪಾಡಿಯಲ್ಲಿ ಗಕ್ಕನೆ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ. ಮಲಯಾಳಂ ಚಾನೆಲ್‌ನ ಮೋಡ ತಿರುವನಂತಪುರದಿಂದ ಹತ್ತಿಕೊಂಡು ಬರುತ್ತದೆ. ಕಾಸರಗೋಡಿಗೆ ತಲುಪುವಷ್ಟರಲ್ಲಿ ಓದುವವರಿಗೆ ಸಾಕಾಗಿರುತ್ತದೆ. ಹೆಸರು ಹೇಳಿ ಜಾಹೀರಾತಿಗೆ ಓಡುತ್ತಾರೆ. ಅಲ್ಲಿಂದ ಮೇಲೆ ಅವರದ್ದೂ ಬೂದಿ ಬಣ್ಣವೇ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಗಡಿಯಿಂದ ಈಚೆ ಕೇರಳದಲ್ಲಿ. ಎರಡೂ ನಕ್ಷೆಯಲ್ಲಿ ನಾವು ಅಂಚಿನವರು. ನಮ್ಮ ಮನೆ ಮೇಲಿನ ಮೋಡ ಯಾವ ಚಾನೆಲ್‌ಗೆ ಸೇರಿದ್ದು ಅಂತ ಇವತ್ತಿನವರೆಗೆ ತೀರ್ಮಾನ ಆಗಿಲ್ಲ. ಹಂಚಿನ ಮೇಲೆ ಮಾತ್ರ ಧೋ ಅಂತ ಸುರಿಯುತ್ತದೆ.

ಮಲಯಾಳಂ ವಾರ್ತೆಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. 'ಕಾಸರಗೋಡ್ ಮುದಲ್ ಪಾರಶ್ಶಾಲ ವರೆ.' ಕಾಸರಗೋಡಿನಿಂದ ತೆಂಕಣ ತುದಿಯ ಪಾರಶ್ಶಾಲದವರೆಗೆ ಅಂತ. ಇಡೀ ಕೇರಳ ಅಂತ ಹೇಳುವ ರೀತಿ ಅದು. ಕನ್ನಡದಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ ಅನ್ನುವುದಿಲ್ಲವೇ, ಹಾಗೆ. ಅಲ್ಲಿ ಬೀದರ್‌ಗೆ ಇರುವ ಕೆಲಸ ಇಲ್ಲಿ ನಮಗೆ. ಹೆಸರು ದಿನಾ ಬರುತ್ತದೆ, ಸುದ್ದಿ ಬರುವುದಿಲ್ಲ. ಬೀದರಿನವರು ಯಾರಾದರೂ ಸಿಕ್ಕಿದರೆ ಒಂದು ಚಹಾ ಕುಡಿಸಿ ಈ ವಿಷಯ ಮಾತಾಡಬೇಕು ಅಂತ ನನಗೆ ಆಸೆ.

ಅಂಚು ಅಂದರೆ ಏನು ಅಂತ ನನಗೆ ಮೊದಲು ಹೇಳಿಕೊಟ್ಟದ್ದು ಭೂಗೋಳದ ಮೇಷ್ಟ್ರಲ್ಲ, ಮಾರಿಯೋ. ತೊಂಬತ್ತರ ದಶಕದಲ್ಲಿ ಗೆಳೆಯನ ಅಣ್ಣ ದುಬೈಯಿಂದ ಬರುವಾಗ ಟ್ಯಾಂಗ್ ಪುಡಿ, ಟೈಗರ್ ಬಾಮ್, ಜರಿ ಹಾಕಿದ ಕಂಬಳಿಗಳ ಜೊತೆ ಒಂದು ವೀಡಿಯೋ ಗೇಮ್ ತಂದಿದ್ದ. ಕ್ಯಾಸೆಟ್ಟಿನ ಮೇಲೆ 999999 ಆಟ ಅಂತ ಬರೆದಿತ್ತು. ನೋಡಿದರೆ ಹತ್ತೋ ಹನ್ನೆರಡೋ ಆಟ, ಹೆಸರು ಬದಲಿಸಿ ಮತ್ತೆ ಮತ್ತೆ. ಶುರುವಾಗದಿದ್ದರೆ ಕ್ಯಾಸೆಟ್ ತೆಗೆದು ಬಾಯಿಯಿಂದ ಉಫ್ ಅಂತ ಊದಬೇಕು. ಊದಿದರೆ ಏನಾಗುತ್ತದೆ ಅಂತ ಯಾರಿಗೂ ತಿಳಿದಿರಲಿಲ್ಲ, ಆದರೆ ಊದದೆ ಹಾಕಿದವನನ್ನು ನಾವು ನಂಬುತ್ತಿರಲಿಲ್ಲ.

1985ರ ಆ ಮೊದಲ ಸೂಪರ್ ಮಾರಿಯೋದಲ್ಲಿ ಒಂದು ವಿಚಿತ್ರ ಉಂಟು. ಮುಂದೆ ಓಡಬಹುದು, ಹಿಂದೆ ಹೋಗುವ ಹಾಗಿಲ್ಲ. ಪರದೆಯ ಎಡಗಡೆ ದಾಟಿ ಹೋದದ್ದು ಹೋಯಿತು. ಅಣಬೆ ಬಿಟ್ಟು ಬಂದೆಯಾ, ಬಿಟ್ಟದ್ದೇ. ನಾನು ಎಡಗಡೆಯ ಬಟನ್ ಒತ್ತಿ ಒತ್ತಿ ನೋಡುತ್ತಿದ್ದೆ. ಮಾರಿಯೋ ಕಾಣದ ಗೋಡೆಗೆ ಮೂಗು ತಾಗಿಸಿಕೊಂಡು ಅಲ್ಲೇ ಕಾಲು ಬಡಿಯುತ್ತಿದ್ದ. ಕರೆಂಟು ಹೋದರೆ ಅದೂ ಇಲ್ಲ. ಎಂಟನೇ ಲೋಕದಲ್ಲಿದ್ದರೂ ಮತ್ತೆ ಒಂದನೆಯದರಿಂದ ಶುರು. ಆಗ ಸಂಜೆ ಅರ್ಧ ಗಂಟೆ ಲೋಡ್ ಶೆಡ್ಡಿಂಗ್ ಇರುತ್ತಿತ್ತು. ಆಟದ ಕೊನೆಯಲ್ಲಿ ಸಿಗುವ ರಾಜಕುಮಾರಿಯನ್ನು ನಾವು ಕಂಡದ್ದು ಒಂದೇ ಸಲ, ಅದೂ ಒಂದು ಭಾನುವಾರ ಬೆಳಿಗ್ಗೆ.

ಆಮೇಲೆ ಕಾಸರಗೋಡಿನ ಸರಕಾರಿ ಕಾಲೇಜು. ಅಲ್ಲಿ ಕಲಿತದ್ದರಲ್ಲಿ ಈಗ ನೆನಪಿರುವುದು ಕಡಿಮೆ. ಪೇಟೆಯ ಇಂಟರ್ನೆಟ್ ಕೆಫೆಯಲ್ಲಿ ಜಿಟಿಎ ಸರಣಿಯ ವೈಸ್ ಸಿಟಿ ಅನ್ನುವ ಆಟ ಆಡಿದ್ದು ಮಾತ್ರ ಗಲ್ಲಿ ಗಲ್ಲಿ ನೆನಪಿದೆ. ಇಡೀ ಊರು ಸಮುದ್ರದ ದಂಡೆಯಲ್ಲಿ, ನಾಯಕನಿಗೆ ಈಜು ಬರುವುದಿಲ್ಲ. ಸೊಂಟದಿಂದ ಮೇಲೆ ನೀರು ಬಂದರೆ ಸತ್ತ. ಕಾಸರಗೋಡಿನಲ್ಲಿ ಹುಟ್ಟಿ ನನಗೂ ಈಜು ಬರುವುದಿಲ್ಲ, ಹಾಗಾಗಿ ಅವನ ಮೇಲೆ ಒಂದು ಪ್ರೀತಿ. ಆಟ ಶುರುವಾಗುವಾಗ ಆಚೆ ದ್ವೀಪಕ್ಕೆ ಹೋಗುವ ಸೇತುವೆಗಳೆಲ್ಲ ಬಂದ್. ಚಂಡಮಾರುತ ಬರುತ್ತದಂತೆ, ಅದಕ್ಕೆ. ಬೈಕಿನಲ್ಲಿ ಹಾರಿಸಲು ನೋಡಿದೆ, ಟ್ರಕ್ಕಿನಲ್ಲಿ ಗುದ್ದಿ ನೋಡಿದೆ. ಆಗುವುದಿಲ್ಲ. ಆಚೆ ಕಟ್ಟಡಗಳ ದೀಪ ಕಾಣುತ್ತದೆ, ಹೋಗಲಿಕ್ಕೆ ಆಗುವುದಿಲ್ಲ. ಎಷ್ಟು ಸುಳ್ಳು ಹೇಳುತ್ತಾರಪ್ಪ ಈ ಆಟದವರು, ಒಂದು ಸೇತುವೆಯನ್ನು ಹೀಗೆ ಮುಚ್ಚಲು ಸಾಧ್ಯವಾ ಅಂತ ನನ್ನ ವಾದ.

2020ರ ಮಾರ್ಚಿನಲ್ಲಿ ಆ ವಾದ ಬಿದ್ದುಹೋಯಿತು. ಕೊರೊನಾ ಅಂತ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು. ಒಳರಸ್ತೆಗಳಲ್ಲಿ ಲಾರಿಯಲ್ಲಿ ಮಣ್ಣು ತಂದು ಸುರಿದರು. ನಮ್ಮ ಕಡೆಯವರಿಗೆ ಮದುವೆ ಸೀರೆಗೂ ಮಂಗಳೂರು, ಎದೆನೋವಿಗೂ ಮಂಗಳೂರು. ಆಂಬುಲೆನ್ಸ್ ಬಿಡುವ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ದಿನಗಳಲ್ಲಿ ತಮಾಷೆ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ, ಈಗಲೂ ಆ ಭಾಗಕ್ಕೆ ನನಗೆ ತಮಾಷೆ ಬರುವುದಿಲ್ಲ. ಆದರೆ ಆ ವಾರ ಎರಡೂ ಭಾಷೆಯ ಚಾನೆಲ್‌ಗಳು ನಮ್ಮ ಗಡಿಯನ್ನೇ ತೋರಿಸುತ್ತಿದ್ದವು. ನಕ್ಷೆಯಲ್ಲಿ ಬೂದಿ ಬಣ್ಣದ ಜಾಗಕ್ಕೆ ಮೊದಲ ಸಲ ಕ್ಯಾಮೆರಾ ಬಂದದ್ದು ಮಣ್ಣಿನ ರಾಶಿ ತೋರಿಸಲು.

ನನ್ನ ಅಕ್ಕನನ್ನು ಕೊಟ್ಟದ್ದು ಗಡಿಯಾಚೆ ಕರ್ನಾಟಕದ ವಿಟ್ಲದ ಕಡೆಗೆ. ಶಾಲೆ ಮುಚ್ಚಿತು, ನಾಲ್ಕು ದಿನ ಅಜ್ಜಿ ಮನೆಯಲ್ಲಿ ಇದ್ದು ಬರುತ್ತೇನೆ ಅಂತ ಅವಳ ಮಗ ಬಂದಿದ್ದ. ನಾಲ್ಕು ದಿನ ಎರಡು ತಿಂಗಳಾಯಿತು. ಹುಡುಗ ಹೆದರಲಿಲ್ಲ, ಅಮ್ಮನನ್ನು ನೆನೆಸಿ ಅಳಲಿಲ್ಲ. ಅವನಿಗೆ ಇದ್ದ ಚಿಂತೆ ಒಂದೇ, ನೆಟ್‌ವರ್ಕ್. ನಮ್ಮಲ್ಲಿ ಎರಡು ಕಡ್ಡಿ ಸಿಗುವುದು ಹಟ್ಟಿಯ ಪಕ್ಕದ ಹಲಸಿನ ಮರದ ಬುಡದಲ್ಲಿ ಮಾತ್ರ. ಸಂಜೆ ಆಯಿತೆಂದರೆ ಪೋರ ಅಲ್ಲಿ ಹೋಗಿ ಪಬ್‌ಜಿಗೆ ಕೂರುತ್ತಿದ್ದ.

ಆ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿಮಾನದಿಂದ ನೂರು ಜನ ಹಾರುತ್ತಾರೆ. ಬಂದೂಕು ಹುಡುಕಿಕೊಳ್ಳಬೇಕು. ನಕ್ಷೆಯ ಮೇಲೆ ಒಂದು ವೃತ್ತ ಇರುತ್ತದೆ, ಅದು ಹೊತ್ತು ಹೋದ ಹಾಗೆ ಸಣ್ಣದಾಗುತ್ತದೆ. ವೃತ್ತದ ಹೊರಗೆ ಉಳಿದರೆ ಸುಮ್ನೆ ನಿಂತಲ್ಲೇ ಸಾಯುತ್ತಾರೆ. ಇದನ್ನೆಲ್ಲ ಅವನು ಅಜ್ಜಿಗೆ ವಿವರಿಸಿದಾಗ ಅಮ್ಮ, 'ಓ, ಕಂಟೈನ್‌ಮೆಂಟ್ ಝೋನ್' ಅಂದರು. ಇಷ್ಟು ಬೇಗ ಆ ಆಟವನ್ನು ಅರ್ಥ ಮಾಡಿಕೊಂಡ ಎಪ್ಪತ್ತರ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಅವನ ತಂಡದಲ್ಲಿ ನಾಲ್ವರು. ಇಬ್ಬರು ವಿಟ್ಲದವರು, ಒಬ್ಬ ಕಾಞಂಗಾಡಿನವನು. ರಸ್ತೆ ಬಂದ್ ಆಗಿ ಅಪ್ಪ ಅಮ್ಮನ ಮುಖ ನೋಡಲಾಗದ ಹುಡುಗ ದಿನಾ ಸಂಜೆ ಊರಿನ ಗೆಳೆಯರ ಜೊತೆ ಆಟದ ಎರೆಂಗೆಲ್ ಅನ್ನುವ ದ್ವೀಪದ ಪೊಚಿಂಕಿ ಅನ್ನುವ ಊರಿನಲ್ಲಿ ಮನೆ ಮನೆ ನುಗ್ಗುತ್ತಿದ್ದ. ಕಾಞಂಗಾಡಿನವನಿಗೆ ಮಲಯಾಳಂ, ಉಳಿದವರಿಗೆ ಕನ್ನಡ, ಬೈಗುಳ ಮಾತ್ರ ಹಿಂದಿಯಲ್ಲಿ. ಗುಟ್ಟಿನ ಮಾತಿಗೆ ತುಳು. ಆಟದಲ್ಲಿ ಮೈಕ್ ಎಲ್ಲರಿಗೂ ತೆರೆದಿದ್ದರೆ ಹತ್ತಿರದ ಶತ್ರುವಿಗೂ ಮಾತು ಕೇಳಿಸುತ್ತದೆ. ಶತ್ರು ಯಾರೋ ಬಿಹಾರದವನೋ ಕೊಲ್ಲಂನವನೋ ಇರುತ್ತಾನೆ, ತುಳು ಯಾರಿಗೆ ಗೊತ್ತಾಗಬೇಕು ಅಂತ ಇವರ ಲೆಕ್ಕ.

ಒಂದು ದಿನ ಮುಸ್ಸಂಜೆ. ಹುಡುಗ ಹಲಸಿನ ಮರದ ಬುಡದಿಂದ ಗಂಟಲು ಹರಿಯುವ ಹಾಗೆ ಕೂಗಿದ. 'ಮರತ ಪಿರವುಡು ಉಲ್ಲೆ!' ಮರದ ಹಿಂದೆ ಇದ್ದಾನೆ ಅಂತ. ಅಡುಗೆಮನೆಯಲ್ಲಿದ್ದ ಅಮ್ಮ ಟಾರ್ಚು, ಕತ್ತಿ ಎರಡೂ ಹಿಡಿದುಕೊಂಡು ಓಡಿದರು. ಹಿಂದಿನಿಂದ ನಾನು. ಹೋಗಿ ನೋಡಿದರೆ ಮರದ ಹಿಂದೆ ಯಾರೂ ಇಲ್ಲ, ದನ ಮೆಲುಕು ಹಾಕುತ್ತಿದೆ, ಹುಡುಗ ಬಾಯಿ ತೆರೆದು ಫೋನು ನೋಡುತ್ತಿದ್ದಾನೆ. ಫೋನಿನ ಒಳಗಿಂದ ಬೇರೆ ಒಂದು ಸ್ವರ. 'ಈ ಓಲ್ದಾಯೆ ಮಾರಾಯಾ?' ನೀನು ಎಲ್ಲಿಯವನು ಮಾರಾಯ ಅಂತ. ಶತ್ರು ತುಳುವಿನವನು! ಬಜಪೆಯ ಹುಡುಗನಂತೆ. ಇಬ್ಬರೂ ಬಂದೂಕು ಕೆಳಗಿಟ್ಟು, ಯಾವ ಶಾಲೆ, ಎಷ್ಟನೇ ಕ್ಲಾಸು, ನಿಮ್ಮಲ್ಲಿ ಎಷ್ಟು ಪಾಸಿಟಿವ್ ಅಂತ ಮಾತಿಗೆ ನಿಂತರು. ಎಲ್ಲಿಂದಲೋ ಮೂರನೆಯ ತಂಡ ಬಂದು ಇಬ್ಬರನ್ನೂ ಒಟ್ಟಿಗೆ ಮುಗಿಸಿ ಹೋಯಿತು.

ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಸರಕಾರ ಪಬ್‌ಜಿ ನಿಷೇಧಿಸಿತು. ಅಷ್ಟರಲ್ಲಿ ರಸ್ತೆ ತೆರೆದಿತ್ತು, ಹುಡುಗ ವಿಟ್ಲಕ್ಕೆ ಹೋಗಿದ್ದ. 'ಮಾವ, ಎರೆಂಗೆಲ್ ಬಂದ್' ಅಂತ ಫೋನಿನಲ್ಲಿ ಹೇಳಿದ ದನಿ ಈಗಲೂ ಕಿವಿಯಲ್ಲಿದೆ. ಮುಂದಿನ ವರ್ಷ ಅದು ಬೇರೆ ಹೆಸರಲ್ಲಿ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ನಾನಂತೂ ವೈಸ್ ಸಿಟಿಯವನೇ. ಹೊಸ ಜಿಟಿಎ ಮತ್ತೆ ಅದೇ ವೈಸ್ ಸಿಟಿಯಲ್ಲಿ ನಡೆಯುತ್ತದೆ ಅಂತ ಟ್ರೇಲರ್ ನೋಡಿ ಗೊತ್ತಾದ ದಿನದಿಂದ ಕಾಯುತ್ತಿದ್ದೇನೆ. ಮೊದಲು 2025 ಅಂದರು. ಆಮೇಲೆ 2026ರ ಮೇ ಅಂದರು. ಆಮೇಲೆ ನವೆಂಬರ್. ಹೆದ್ದಾರಿ ಆರು ಪಥ ಆಗುವುದನ್ನು ಕಾದು ಅಭ್ಯಾಸ ಇದ್ದವರಿಗೆ ಇದೇನು ಜಾಸ್ತಿ ಅಲ್ಲ ಬಿಡಿ.

ಟಿವಿಯಲ್ಲಿ ನಮಗೂ ಒಂದು ಒಳ್ಳೆ ದಿನ ಇದೆ. ಕೇರಳದ ಮತ ಎಣಿಕೆಯ ದಿನ. ವಿಧಾನಸಭೆಯ 140 ಕ್ಷೇತ್ರದಲ್ಲಿ ನಂಬರ್ ಒಂದು ಮಂಜೇಶ್ವರ. ಪಟ್ಟಿ ಶುರುವಾಗುವುದೇ ನಮ್ಮಿಂದ. ಆವತ್ತು ಅಂಚು ಅನ್ನುವುದು ತಲೆ ಆಗಿಬಿಡುತ್ತದೆ. 2016ರಲ್ಲಿ ಇಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ಮತ. 89 ಅಂದರೆ ನಮ್ಮಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಒಂದು ಹಂತಿ ಜನ. ಅವತ್ತು ಮೂಲೆಯಲ್ಲಿ ಮಂಜೇಶ್ವರದ ಸಂಖ್ಯೆ ಹಿಂದೆ ಮುಂದೆ ಆಗುವುದನ್ನು ನೋಡಿ ನನ್ನ ಚಹಾ ಮೂರು ಸಲ ತಣ್ಣಗಾಯಿತು. ಯಾವ ಆಟದ ಕೊನೆಯ ಲೈಫ್‌ನಲ್ಲೂ ಎದೆ ಹಾಗೆ ಹೊಡೆದುಕೊಂಡಿಲ್ಲ. 2021ರಲ್ಲಿ ಅಂತರ 745 ಮತ. ನಮಗೆ ಅದು ಭಾರೀ ಬಹುಮತ.

ಆ ಸಲ ಗೆದ್ದ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣ ಮಾಡಿದರು. ಮಲಯಾಳಂ ಚಾನೆಲ್‌ನಲ್ಲಿ ಕನ್ನಡ ಕೇಳಿ ಅಮ್ಮ, 'ರಿಮೋಟ್ ಯಾರು ಒತ್ತಿದ್ದು?' ಅಂತ ಕೇಳಿದರು.

ಅಮ್ಮನ ರಿಮೋಟಿನ ಬಗ್ಗೆ ಹೇಳಲೇಬೇಕು. ಏಳರಿಂದ ಎಂಟೂವರೆ ಕನ್ನಡ ಧಾರಾವಾಹಿ, ಜಾಹೀರಾತು ಬಂದಾಗ ಮಲಯಾಳಂ ಧಾರಾವಾಹಿ. ಎರಡರಲ್ಲೂ ಎಷ್ಟೋ ಸಲ ಕಥೆ ಒಂದೇ, ಒಂದು ಭಾಷೆಯಲ್ಲಿ ಓಡಿದ್ದನ್ನು ಇನ್ನೊಂದರಲ್ಲಿ ಮಾಡುತ್ತಾರಲ್ಲ. ಹಾಗಾಗಿ ಕನ್ನಡದ ಸೊಸೆಗೆ ಏನಾಗಲಿದೆ ಅಂತ ಅಮ್ಮನಿಗೆ ಮೂರು ತಿಂಗಳು ಮೊದಲೇ ಗೊತ್ತು. 'ಪಾಯಸ ಕುಡಿಯಬೇಡ ಮಗಾ' ಅಂತ ಟಿವಿಗೆ ಹೇಳುತ್ತಾರೆ. ಸೊಸೆ ಕುಡಿಯುತ್ತಾಳೆ. 'ಹೇಳಿದರೆ ಕೇಳುವುದಿಲ್ಲ ಇವರು' ಅಂತ ನನ್ನ ಹೆಂಡತಿಯ ಕಡೆ ನೋಡುತ್ತಾರೆ. ಅಲ್ಲಿಂದ ಮುಂದೆ ನಾನು ಆ ಕೋಣೆಯಲ್ಲಿ ಇರುವುದಿಲ್ಲ.

ಕಳೆದ ಮಳೆಗಾಲದ ಒಂದು ರಾತ್ರಿ. ಮಗಳಿಗೆ ಮಾರನೆಯ ದಿನ ಲೆಕ್ಕದ ಪರೀಕ್ಷೆ. ಮಧ್ಯಾಹ್ನದಿಂದ ಬಿಡದ ಮಳೆ. ದಕ್ಷಿಣ ಕನ್ನಡಕ್ಕೆ ರಜೆ ಕೊಡುವವರು ಅಲ್ಲಿನ ಜಿಲ್ಲಾಧಿಕಾರಿ, ನಮಗೆ ಕೊಡುವವರು ಇಲ್ಲಿನ ಕಲೆಕ್ಟರ್. ಏಳು ಗಂಟೆಗೇ ವಿಟ್ಲದಿಂದ ಅಕ್ಕನ ಸಣ್ಣ ಮಗಳ ಫೋನು. 'ನಮಗೆ ನಾಳೆ ರಜೆ! ನಿಮಗೆ ಉಂಟಾ?' ಇವಳ ಮುಖ ಕಪ್ಪಾಯಿತು. ಅಮ್ಮನ ಧಾರಾವಾಹಿ ನಿಲ್ಲಿಸಿ ಮಲಯಾಳಂ ವಾರ್ತೆ ಹಾಕಿಸಿದಳು. ಕೆಳಗೆ ಓಡುವ ಪಟ್ಟಿಯಲ್ಲಿ 'ಅವಧಿ' ಅನ್ನುವ ಪದ ಹುಡುಕುತ್ತಾ ಕೂತಳು. ಮಲಯಾಳಂನಲ್ಲಿ ಅವಧಿ ಅಂದರೆ ರಜೆ. ವಯನಾಡಿಗೆ ಅವಧಿ. ಕಣ್ಣೂರಿಗೆ ಅವಧಿ. ಇನ್ನೇನು ನಮ್ಮ ಹೆಸರು ಬರಬೇಕು, ಕರೆಂಟು ಹೋಯಿತು.

'ಅಪ್ಪಾ, ಕಲೆಕ್ಟರ್ ಫೇಸ್‌ಬುಕ್‌ನಲ್ಲಿ ಹಾಕ್ತಾರೆ. ನೋಡುವನಾ?'

ನೋಡಬೇಕಾದರೆ ಹಲಸಿನ ಮರದ ಬುಡಕ್ಕೆ ಹೋಗಬೇಕು. ಹೋದೆವು. ಅವಳು ಕೊಡೆ ಹಿಡಿದಳು, ನಾನು ಫೋನನ್ನು ತಲೆಗಿಂತ ಎತ್ತರಕ್ಕೆ ಹಿಡಿದೆ. ಒಂದು ಕಡ್ಡಿ. ಮರದ ಆಚೆ ಬದಿಗೆ ಸರಿದೆವು. ಎರಡು ಕಡ್ಡಿ. ಪುಟದ ನಡುವೆ ಸಣ್ಣ ವೃತ್ತವೊಂದು ತಿರುಗತೊಡಗಿತು. ಕೊಡೆಯ ತುದಿಯಿಂದ ನೀರು ನನ್ನ ಅಂಗಿಯ ಕಾಲರಿನೊಳಗೆ ಇಳಿಯುತ್ತಿತ್ತು. ಹಟ್ಟಿಯಿಂದ ದನ ಒಮ್ಮೆ ಕೂಗಿತು.

ಜಗಲಿಯಲ್ಲಿ ಟಾರ್ಚು ಹೊತ್ತಿತು. 'ಮರದ ಹಿಂದೆ ಯಾರದು?' ಅಂತ ಅಮ್ಮ ಕೇಳಿದರು.

ಮಗಳು ನನ್ನ ಬಾಯಿ ಮುಚ್ಚಿದಳು. ಮಾತಾಡಿದರೆ ನೆಟ್‌ವರ್ಕ್ ಹೋಗುತ್ತದಂತೆ.