ದೊಣೆ ಖಾಲಿ ಇರಲಿಲ್ಲ

ನಿನ್ನೆ ಸಂಜೆ ಅರೆ ಇಳಿದು ಬಂದಾಗಿಂದ ಹೊಟ್ಟೆಯೊಳಗೆ ಏನೋ ಸಂಕಟ. ಊಟ ಸೇರಲಿಲ್ಲ. ಬರೆದಾದರೂ ಹಗುರ ಆಗಲಿ ಅಂತ ಕೂತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಮ್ಮೂರ ಅರೆ ನಿಮಗೆ ಹೊಸದಲ್ಲ. ಮಧುಗಿರಿ ಸೀಮೆಯಲ್ಲಿ ಎತ್ತ ನೋಡಿದರೂ ಬೋಳು ಬಂಡೆ, ಅದರಲ್ಲಿ ನಮ್ಮದೂ ಒಂದು. ಮೇಲೆ ಐದು ದೊಣೆ, ಅಂದರೆ ಬಂಡೆಯಲ್ಲಿ ಮಳೆನೀರು ನಿಲ್ಲೋ ಗುಂಡಿ. ಕೆಳಗಿರೋದು ದೊಡ್ಡದೊಣೆ, ತುದಿಯಲ್ಲಿರೋದು ಕೋತಿದೊಣೆ. ಪ್ರತಿ ವರ್ಷ ಭರಣಿ ಮಳೆ ಸುರಿದು ಹತ್ತು-ಹನ್ನೆರಡು ದಿನಕ್ಕೆ ನಾನು ದೊಡ್ಡದೊಣೆ ಅಂಚಲ್ಲಿ ಬೋರಲು ಮಲಗಿ ಫೋಟೋ ತೆಗೆದು ಇಲ್ಲಿ ಹಾಕ್ತೀನಿ, ನೀವು "ಮೀನಿನ ಮರಿನಾ ಮೇಡಂ?" ಅಂತ ಕೇಳ್ತೀರಿ. ಮೀನಲ್ಲ, ಫೇರಿ ಶ್ರಿಂಪ್. ಏಡಿ, ಸೀಗಡಿಗಳ ದೂರದ ನೆಂಟ. ನಾವು ಚಿಕ್ಕವರಿದ್ದಾಗ ಬರೀ ನೀರುಹುಳ ಅಂತಿದ್ವಿ.

ಈ ಸಲವೂ ಮಳೆ ಚೆನ್ನಾಗಿ ಬಂತು. ನಿನ್ನೆ ಹೋದೆ. ದೊಡ್ಡದೊಣೆ ಸುತ್ತ ಎರಡು ಇಟ್ಟಿಗೆ ಎತ್ತರಕ್ಕೆ ಸಿಮೆಂಟ್ ಕಟ್ಟೆ. ತಳದ ಮಣ್ಣನ್ನೆಲ್ಲ ಬಂಡೆ ಕಾಣೋ ಹಾಗೆ ಕೆರೆದು ತೆಗೆದಿದಾರೆ. ಕನ್ನಡಿಯಂಥ ನೀರು. ಆ ನೀರಲ್ಲಿ ಬೂದು ಬಣ್ಣದ, ಬೆರಳ ಗಿಣ್ಣಿನಷ್ಟುದ್ದದ ಮೀನುಗಳು ಗುಂಪುಗುಂಪಾಗಿ ಓಡಾಡ್ತಿವೆ. ಗ್ಯಾಂಬೂಸಿಯಾ. ಸೊಳ್ಳೆ ಮರಿ ತಿನ್ನುತ್ತೆ ಅಂತ 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದ ಮೀನು. ಪಕ್ಕದಲ್ಲಿ ಒಂದು ಹಸಿರು ಬೋರ್ಡು: "ಪುನಶ್ಚೇತನಗೊಳಿಸಿದ ಜಲಮೂಲ".

ಒಂದು ಗಂಟೆ ಕೂತು ನೋಡಿದೆ. ಒಂದೇ ಒಂದು ಫೇರಿ ಶ್ರಿಂಪ್ ಕಾಣಲಿಲ್ಲ.

ಕೆಲಸ ಮಾಡಿಸಿದ ಹುಡುಗನ ನಂಬರ್ ಬೋರ್ಡಲ್ಲೇ ಇತ್ತು. ಅಲ್ಲಿಂದಲೇ ಫೋನ್ ಮಾಡಿದೆ. ನೋಡಿದರೆ ನನ್ನ ಹಳೇ ಶಿಷ್ಯ. ಎಷ್ಟು ಖುಷಿಯಿಂದ ಮಾತಾಡಿದ ಅಂದ್ರೆ ನನಗೆ ಬೈಯೋಕೂ ಬಾಯಿ ಬರಲಿಲ್ಲ. ಮಣ್ಣಲ್ಲಿ ಏನಿತ್ತು ಅಂತ ನೋಡಿದ್ಯೇನಪ್ಪ ಅಂತ ಕೇಳಿದೆ. "ಅಯ್ಯೋ, ಏನೂ ಇರ್ಲಿಲ್ಲ ಮೇಡಂ. ಖಾಲಿ ಇತ್ತು. ಬರೀ ಒಣಗಿದ ಹೂಳು. ನಾಲ್ಕು ಟ್ರ್ಯಾಕ್ಟರ್ ಆಯ್ತು, ಎಲ್ಲಾ ತೆಂಗಿನ ತೋಟಕ್ಕೆ ಹೊಡೆಸಿದ್ವಿ."

ಖಾಲಿ. ಆ ಮಾತೇ ಕಿವಿಯಲ್ಲಿ ಕೂತುಬಿಟ್ಟಿದೆ.

ಆ ಒಣ ಹೂಳಲ್ಲಿ ಏನಿತ್ತು ಅಂತ ಈಗ ಹೇಳ್ತೀನಿ ಕೇಳಿ. ರಾಗಿ ಕಾಳಿಗಿಂತ ಎಷ್ಟೋ ಸಣ್ಣ, ಗಟ್ಟಿ ಚಿಪ್ಪಿನ ಮೊಟ್ಟೆಗಳು. ಒಳಗಿನ ಭ್ರೂಣ ಸ್ವಲ್ಪ ಬೆಳೆದು, ಅಲ್ಲಿಗೇ ನಿಂತು, ಮಳೆಗಾಗಿ ಕಾಯ್ತಾ ಇರುತ್ತೆ. ಒಂದು ಬೇಸಿಗೆಯಲ್ಲ, ವರ್ಷಗಟ್ಟಲೆ. ನೀರು ಬಿದ್ದು ಒಂದೆರಡು ದಿನಕ್ಕೆ ಮರಿ ಹೊರಗೆ ಬರುತ್ತೆ, ಎರಡು ವಾರದ ಆಜುಬಾಜಿನಲ್ಲಿ ದೊಡ್ಡದಾಗಿ ತಾನೇ ಮೊಟ್ಟೆ ಇಡುತ್ತೆ. ದೊಣೆ ಬತ್ತೋದರೊಳಗೆ ಬಾಳು ಮುಗಿಸಬೇಕಲ್ಲ, ಅದಕ್ಕೆ ಅಷ್ಟು ಅವಸರ. ಇನ್ನೂ ಒಂದು ವಿಷಯ ಇದೆ, ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸೋದು ಇದೇ: ಮೊದಲ ಮಳೆಗೆ ಎಲ್ಲಾ ಮೊಟ್ಟೆಯೂ ಒಡೆಯಲ್ಲ. ಒಂದಷ್ಟು ಮಾತ್ರ ಒಡೆಯುತ್ತೆ. ಮಳೆ ಕೈಕೊಟ್ಟು ನೀರು ಬೇಗ ಇಂಗಿಹೋದರೆ ಆ ಮರಿಗಳು ಸಾಯುತ್ತವೆ, ಉಳಿದ ಮೊಟ್ಟೆ ಮುಂದಿನ ಮಳೆಗೆ ಇರುತ್ತೆ. ನಮ್ಮ ರೈತರು ಬಿತ್ತನೆ ಬೀಜ ಪೂರ್ತಿ ಒಂದೇ ಹದಕ್ಕೆ ಹಾಕದೆ ಒಂದು ಮೂಟೆ ಅಟ್ಟದ ಮೇಲೆ ಇಟ್ಟಿರ್ತಾರಲ್ಲ, ಹಾಗೆ. ಆ ಹೂಳು ಅಂದರೆ ಆ ಅಟ್ಟ. ಅದನ್ನ ನಾಲ್ಕು ಟ್ರ್ಯಾಕ್ಟರಲ್ಲಿ ಹೊಡೆದು ತೋಟಕ್ಕೆ ಸುರಿದಿದಾರೆ.

ನಮ್ಮ ಕ್ಲಾಸಲ್ಲಿ ಓದಿದವರಿಗೆ ಗಾಜಿನ ಬಟ್ಟಲು ನೆನಪಿರಬೇಕು. ಫೇರಿ ಶ್ರಿಂಪ್ ಯಾವಾಗಲೂ ಅಂಗಾತ ಈಜುತ್ತೆ, ಬೆನ್ನು ಕೆಳಗೆ, ಕಾಲು ಮೇಲೆ. ಹನ್ನೊಂದು ಜೊತೆ ಎಲೆಯಂಥ ಕಾಲು ಅಲೆ ಅಲೆಯಾಗಿ ಆಡ್ತಾ ಇರುತ್ತೆ, ಅದರಲ್ಲೇ ಉಸಿರಾಟ, ಅದರಲ್ಲೇ ಊಟ ಸೋಸೋದು. ಮೈ ಎಷ್ಟು ತಿಳಿ ಅಂದ್ರೆ ಕರುಳಲ್ಲಿರೋ ಪಾಚಿಯ ಹಸಿರು ಗೆರೆ ಕಾಣುತ್ತೆ. ಹೆಣ್ಣಿನ ಹೊಟ್ಟೆ ಕೆಳಗೆ ಮೊಟ್ಟೆ ಚೀಲ, ಗಂಡಿಗೆ ತಲೆಯ ಮುಂದೆ ಇಕ್ಕಳದ ಹಾಗೆ ಬಾಗಿದ ಮೀಸೆ. ಕಿಟಕಿ ಮುಚ್ಚಿ, ಬಟ್ಟಲ ಕೆಳಗಿಂದ ಟಾರ್ಚ್ ಬಿಟ್ಟರೆ ಅಷ್ಟೂ ಒಂದೇ ಸಲ ಮಗುಚಿಕೊಳ್ಳುತ್ತವೆ, ಯಾಕಂದ್ರೆ ಅದಕ್ಕೆ ಬೆಳಕಿರೋ ಕಡೆ ಹೊಟ್ಟೆ ಇರಬೇಕು. ಅದನ್ನ ನೋಡಿದಾಗ ಎಂಟನೇ ಕ್ಲಾಸಿನ ಮಕ್ಕಳ ಬಾಯಿಂದ ಬರೋ "ಹೋ!" ಇದೆಯಲ್ಲ, ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂಬಳ ಸಿಕ್ಕಿಲ್ಲ.

ದಕ್ಷಿಣ ಭಾರತದಲ್ಲಿ ಸಿಗೋ ಸ್ಟ್ರೆಪ್ಟೊಸೆಫಾಲಸ್ ಡೈಕಾಟಮಸ್ ಅನ್ನೋ ಫೇರಿ ಶ್ರಿಂಪ್‌ಗೆ ಹೆಸರಿಟ್ಟಿದ್ದು 1860ರಲ್ಲಿ, ವಿಲಿಯಂ ಬೇರ್ಡ್ ಅನ್ನೋರು. ನೂರೈವತ್ತು ವರ್ಷ ದಾಟಿ 2014ರಲ್ಲಿ ಪಶ್ಚಿಮ ಘಟ್ಟದಿಂದ ಅದೇ ಕುಲದ ಇನ್ನೊಂದು ಹೊಸ ಜಾತಿ ಸಿಕ್ಕಿತು, ಸಹ್ಯಾದ್ರಿಯೆನ್ಸಿಸ್ ಅಂತ ಹೆಸರು. ಇಷ್ಟು ಜನ ಓಡಾಡೋ ಘಟ್ಟದಲ್ಲಿ ಮೊನ್ನೆ ಮೊನ್ನೆವರೆಗೂ ಹೆಸರಿಲ್ಲದ ಪ್ರಾಣಿ ಇತ್ತು. ಹಾಗಿರುವಾಗ ನಮ್ಮ ಅರೆಯ ದೊಣೆಯನ್ನ ಯಾರೂ ಬಗ್ಗಿ ನೋಡದೆ ಖಾಲಿ ಅಂತ ಹೇಗೆ ಹೇಳ್ತೀರಿ?

ದೊಡ್ಡವರ ಲೆಕ್ಕದಲ್ಲೂ ಇದೇ ಕಥೆ. 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಸಿಹಿನೀರಿನ ಪ್ರಾಣಿಗಳ ಬಗ್ಗೆ ದೊಡ್ಡ ಅಧ್ಯಯನ ಬಂತು. 23,496 ಜಾತಿ ನೋಡಿದಾರೆ, ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಅಳಿವಿನ ಅಪಾಯದಲ್ಲಿದೆ. ಪೇಪರಲ್ಲಿ ಸುದ್ದಿ ಓದಿದ ದಿನ ನಾನು ಆಸೆಯಿಂದ ಹುಡುಕಿದೆ. ಮೀನು ಇದೆ, ಏರೋಪ್ಲೇನ್ ಚಿಟ್ಟೆ ಇದೆ, ಏಡಿ-ಸೀಗಡಿ ಇದೆ, ಆ ಏಡಿ-ಸೀಗಡಿ ಗುಂಪಲ್ಲೇ ಶೇಕಡ 30 ಅಪಾಯದಲ್ಲಿವೆ ಅಂತಿದೆ. ಫೇರಿ ಶ್ರಿಂಪ್ ಇಲ್ಲ. ನೀರುಚಿಗಟ ಇಲ್ಲ. ಸೈಕ್ಲಾಪ್ಸ್ ಇಲ್ಲ. ಇವೆರಡೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಏಡಿ-ಸೀಗಡಿಗಳ ದೂರದ ನೆಂಟರೇ. ಸಿಹಿನೀರಲ್ಲಿ ಸೈಕ್ಲಾಪ್ಸ್ ಮತ್ತು ಅದರ ಬಳಗ ಸುಮಾರು 2,800 ಜಾತಿ, ನೀರುಚಿಗಟದ ಬಳಗ 620ರಷ್ಟು. ಅಷ್ಟೂ ಆ ಲೆಕ್ಕದಿಂದ ಹೊರಗೆ. ವಿಜ್ಞಾನಿಗಳನ್ನ ದೂರಲ್ಲ, ಮಾಹಿತಿ ಇದ್ದಷ್ಟನ್ನೇ ತಾನೇ ಅವರು ಎಣಿಸಬಹುದು. ಅಳಿವಿನ ಅಪಾಯದಲ್ಲಿರೋ ಜೀವಿಗಳನ್ನ ಗುರುತಿಸೋ ಜಾಗತಿಕ ಕೆಂಪು ಪಟ್ಟಿಯಲ್ಲಿ ಫೇರಿ ಶ್ರಿಂಪ್‌ಗಳು ಇಲ್ಲವೇ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಕೆಲವು ಜಾತಿಗಳನ್ನ 1996ರಲ್ಲಿ ಸೇರಿಸಿದಾರೆ. ನನ್ನ ಸಿಟ್ಟು ಏನಂದ್ರೆ, "ಮೌಲ್ಯಮಾಪನ ಆಗಿಲ್ಲ" ಅನ್ನೋ ಮಾತು ನಮ್ಮ ಕಚೇರಿಗಳಿಗೆ ಬರೋಷ್ಟರಲ್ಲಿ "ಅಪಾಯ ಇಲ್ಲ" ಅಂತ ಆಗಿರುತ್ತೆ, ಅರೆ ಹತ್ತೋಷ್ಟರಲ್ಲಿ "ಖಾಲಿ" ಅಂತ ಆಗಿರುತ್ತೆ.

ಜಾತಿ ಬಿಡಿ, ಜಾಗಕ್ಕಾದರೂ ಲೆಕ್ಕ ಇದೆಯಾ? 2011ರ ರಾಷ್ಟ್ರೀಯ ಜೌಗು ಭೂಪಟದಲ್ಲಿ ವಿಸ್ತೀರ್ಣ ಸಮೇತ ಗುರುತಾಗಿರೋದು 2.25 ಹೆಕ್ಟೇರ್‌ಗಿಂತ ದೊಡ್ಡವು, ಅಂದರೆ ಹೆಚ್ಚು ಕಮ್ಮಿ ಐದೂವರೆ ಎಕರೆ ಮೇಲ್ಪಟ್ಟವು, 2,01,503. ಸಣ್ಣವು ಐದೂವರೆ ಲಕ್ಷ ಬರೀ ಚುಕ್ಕೆ. ನಮ್ಮ ದೊಡ್ಡದೊಣೆ ಎರಡು ಗಾಡಿ ನಿಲ್ಲಿಸೋಷ್ಟು ಅಗಲ. ಅದು ಯಾವ ಚುಕ್ಕೆಯಲ್ಲಿ ಬರಬೇಕು?

ಕ್ಯಾಲಿಫೋರ್ನಿಯಾ ಅಂದೆನಲ್ಲ, ಅಲ್ಲೂ ಇಂಥದೇ ಮಳೆಗಾಲದ ಗುಂಡಿಗಳು, ಇಂಥದೇ ಪ್ರಾಣಿಗಳು. 1994ರ ಸೆಪ್ಟೆಂಬರಲ್ಲಿ ಮೂರು ಫೇರಿ ಶ್ರಿಂಪ್, ಅವುಗಳ ನೆಂಟ ಒಂದು ಟ್ಯಾಡ್‌ಪೋಲ್ ಶ್ರಿಂಪ್, ನಾಲ್ಕಕ್ಕೂ ಒಟ್ಟಿಗೆ ಅಮೆರಿಕದ ಕಾನೂನಿನ ರಕ್ಷಣೆ ಸಿಕ್ಕಿತು. ಮರ್ಸೆಡ್ ಅನ್ನೋ ಊರಲ್ಲಿ ವಿಶ್ವವಿದ್ಯಾಲಯ ಕಟ್ಟುವಾಗ ಈ ಗುಂಡಿಗಳಿಗಾಗಿ ಕ್ಯಾಂಪಸ್ಸಿನ ಜಾಗವನ್ನೇ ಬದಲಿಸಿಕೊಂಡರು. ಒಂದಿಂಚಿನ ಹುಳಕ್ಕಾಗಿ! ನಾನು ಕ್ಯಾಂಪಸ್ ಬದಲಿಸಿ ಅಂತ ಕೇಳ್ತಿಲ್ಲ. ಬೇಸಿಗೆಯಲ್ಲಿ ಮಣ್ಣು ಮುಟ್ಟಬೇಡಿ, ಮೀನು ಬಿಡಬೇಡಿ ಅಂತಷ್ಟೇ ಕೇಳ್ತಿದೀನಿ.

ಕೆಲವರು ಕೇಳೇ ಕೇಳ್ತೀರಿ, ಡೆಂಗಿ ಬಂದರೆ ಯಾರು ಗತಿ ಅಂತ. ಡೆಂಗಿ ಹರಡೋ ಸೊಳ್ಳೆ ಮರಿ ಮಾಡೋದು ಮುಖ್ಯವಾಗಿ ಮನೆ ಸುತ್ತಮುತ್ತ, ನಮ್ಮ ಡ್ರಮ್ಮು, ತೊಟ್ಟಿ, ಹಳೇ ಟೈರುಗಳಲ್ಲಿ. ಬಂಡೆ ತುದಿಯ ದೊಣೆಯನ್ನ ಹುಡುಕಿಕೊಂಡು ಅದೇನು ಮೈಲಿಗಟ್ಟಲೆ ಹಾರಿ ಬರಲ್ಲ. ಇನ್ನು ವಿಯೆಟ್ನಾಮಲ್ಲಿ ಹಳ್ಳಿ ಜನ ಡೆಂಗಿ ತಡೆಯೋಕೆ ನೀರಿನ ತೊಟ್ಟಿಗಳಿಗೆ ಸೈಕ್ಲಾಪ್ಸ್ ಬಳಗದ ಮೀಸೊಸೈಕ್ಲಾಪ್ಸ್ ಬಿಟ್ಟರು, ಅದು ಸೊಳ್ಳೆ ಮರಿಯನ್ನ ಹುಟ್ಟಿದ ತಕ್ಷಣ ಹಿಡಿದು ತಿನ್ನುತ್ತೆ. ಇಂಥ ಪ್ರಾಣಿಗಳನ್ನೇ ಮುಕ್ಕೋ ಮೀನನ್ನ ನಾವು ದುಡ್ಡು ಕೊಟ್ಟು ತಂದು ಬಿಡ್ತೀವಿ.

ಸೈಕ್ಲಾಪ್ಸ್ ಅಂದ ಕೂಡಲೇ ನಮ್ಮತ್ತೆ ನೆನಪಾಗ್ತಾರೆ. ಅವರು ರಾಯಚೂರು ಕಡೆಯವರು, ನಿಮ್ಮಲ್ಲಿ ಹಲವರು ಅವರ ಕೈಯ ರೊಟ್ಟಿ ತಿಂದಿದೀರಿ. ಮೊಣಕಾಲ ಕೆಳಗೆ ಸುಟ್ಟ ಹಾಗಿನ ಒಂದು ಕಲೆ ಇತ್ತು. ನಾರು ಹುಣ್ಣು, ದಾರದಂಥ ಉದ್ದ ಹುಳದಿಂದ ಬರ್ತಿದ್ದ ರೋಗ. ಬಾವಿ ನೀರಲ್ಲಿದ್ದ ಸೈಕ್ಲಾಪ್ಸ್ ಜೊತೆ ಆ ಹುಳದ ಮರಿ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲು ತೂತು ಮಾಡಿಕೊಂಡು ಹೊರಗೆ ಬಂದಿದ್ದು. ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯೋರಂತೆ. ದೇಶದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. ಬಾವಿ ನೀರನ್ನ ಬಟ್ಟೆಯಲ್ಲಿ ಸೋಸಿ ಸೋಸಿ ಆ ಪಿಡುಗು ಓಡಿಸಿದ್ದು ನಮ್ಮ ಹೆಂಗಸರು. ಹಾಗಾಗಿ ನೀರಲ್ಲಿರೋ ಹುಳ ಅಂದ್ರೆ ಭಯ ಯಾಕೆ ಅಂತ ನನಗೆ ಅರ್ಥ ಆಗುತ್ತೆ, ನನ್ನ ಮನೆಯಲ್ಲೇ ಆ ಕಲೆ ಇತ್ತು. ಆದರೆ ಅತ್ತೆಗೆ ಸೈಕ್ಲಾಪ್ಸ್ ಮೇಲೆ ಸಿಟ್ಟಿರಲಿಲ್ಲ. "ಅದೇನ್ ಮಾಡೀತವ್ವ, ಅದರ ಹೊಟ್ಟಿಯಾಗೂ ಹುಳ ಸೇರಿತ್ತು" ಅನ್ನೋರು.

ಇನ್ನೊಂದು ಮಾತು ನನ್ನ ಶಿಷ್ಯನೇ ಹೇಳಿದ. "ಅಷ್ಟು ಗಟ್ಟಿ ಮೊಟ್ಟೆ ಅಂತೀರಲ್ಲ ಮೇಡಂ, ಮತ್ತೆ ಬರ್ತಾವೆ ಬಿಡಿ." ಗಟ್ಟಿ ನಿಜ. ಬಿಸಿಲಿಗೆ ಗಟ್ಟಿ, ಬರಕ್ಕೆ ಗಟ್ಟಿ. ಜಾಗವೇ ಇಲ್ಲ ಅಂದರೆ ಗಟ್ಟಿತನ ಏನು ಮಾಡುತ್ತೆ? ದೊಣೆ ಬತ್ತುತ್ತೆ ಅಂತಲೇ ಅಲ್ಲಿ ಮೀನಿರಲ್ಲ, ಮೀನಿಲ್ಲ ಅಂತಲೇ ಇವು ಬದುಕಿರೋದು. ಈಗ ಕಟ್ಟೆ ಕಟ್ಟಿ ವರ್ಷವಿಡೀ ನೀರು ನಿಲ್ಲೋ ಹಾಗೆ ಮಾಡಿದಾರೆ. ನಮಗೆ ಒಣಗಿದ್ದೆಲ್ಲ ಹಾಳು, ನೀರು ನಿಂತದ್ದೆಲ್ಲ ಜೀವ. ಈ ಪ್ರಾಣಿಗೆ ಒಣಗೋದೂ ಬೇಕು.

ಫೋನ್ ಇಡೋ ಮುಂಚೆ ಅವನು ಒಂದು ಮಾತಂದ. ಅದನ್ನ ಇಲ್ಲಿ ಬರೆಯಬಾರದು ಅಂತ ರಾತ್ರಿಯೆಲ್ಲ ಅಂದುಕೊಂಡೆ, ಆದರೆ ಮುಚ್ಚಿಟ್ಟು ಬೇರೆಯವರನ್ನ ಬೈಯೋದು ಸರಿಯಲ್ಲ. "ಮೇಡಂ, ನಾವು ಎಂಟನೇ ಕ್ಲಾಸಲ್ಲಿದ್ದಾಗ ನೀವೇ ಅಲ್ವಾ ಈ ದೊಣೆ ಕ್ಲೀನ್ ಮಾಡ್ಸಿದ್ದು?"

ಹೌದು. ನಾನೇ. ಹದಿನೈದು ವರ್ಷದ ಹಿಂದೆ, ಇಕೋ ಕ್ಲಬ್ ಮಕ್ಕಳನ್ನ ಕರಕೊಂಡು ಹೋಗಿ, ತೆಂಗಿನ ಚಿಪ್ಪಲ್ಲಿ ಹೂಳು ಕೆರೆಸಿ, ಮೇಲೆ ಬ್ಲೀಚಿಂಗ್ ಪುಡಿ ಹಾಕಿಸಿದ್ದೆ. ಪೇಪರಲ್ಲಿ ಫೋಟೋ ಬಂದಿತ್ತು, ಅದನ್ನ ಕಟ್ಟು ಹಾಕಿಸಿ ಸ್ಟಾಫ್ ರೂಮಲ್ಲಿ ತೂಗುಹಾಕಿದ್ದೆ. ಆಮೇಲೆ ಮೂರು ವರ್ಷ ಆ ದೊಣೆಯಲ್ಲಿ ಫೇರಿ ಶ್ರಿಂಪ್ ಕಾಣಲಿಲ್ಲ. ಮಳೆ ಸರಿ ಆಗಿಲ್ಲ ಅಂದುಕೊಂಡೆ. ನನ್ನ ಕೈಕೆಲಸ ಅಂತ ಹೊಳೆದಿದ್ದು ಎಷ್ಟೋ ಕಾಲದ ಮೇಲೆ. "ಖಾಲಿ" ಅನ್ನೋ ಮಾತನ್ನ ಆ ಹುಡುಗನಿಗೆ ಕಲಿಸಿದವಳೂ ನಾನೇ ಇರಬೇಕು.

ಆವತ್ತು ಮತ್ತೆ ಬಂದವಲ್ಲ ಅಂತೀರಾ? ಬಂದವು. ಚಿಪ್ಪಲ್ಲಿ ಕೆರೆದದ್ದು ಬಂಡೆ ಬಿರುಕಿನವರೆಗೆ ಹೋಗಿರಲಿಲ್ಲ, ಮೀನು ಬಿಟ್ಟಿರಲಿಲ್ಲ, ಕಟ್ಟೆ ಇರಲಿಲ್ಲ. ಮುಖ್ಯವಾಗಿ ಮೇಲಿನ ಕೋತಿದೊಣೆ ಹಾಗೇ ಇತ್ತು. ಜೋರು ಮಳೆಯಲ್ಲಿ ಅದು ತುಂಬಿ, ಬಂಡೆ ಮೇಲೆ ಹರಿದು ದೊಡ್ಡದೊಣೆಗೆ ಬೀಳುತ್ತೆ. ಮೊಟ್ಟೆ ಆ ನೀರಲ್ಲೇ ಇಳಿದು ಬಂದಿರಬೇಕು ಅಂತ ನನ್ನ ಲೆಕ್ಕ. ನಿನ್ನೆ ಕತ್ತಲಾಗೋ ಮುಂಚೆ ಕೋತಿದೊಣೆಗೂ ಹತ್ತಿ ಹೋದೆ. ಮೊಣಕಾಲುದ್ದ ಕೆಂಪು ನೀರು. ಬಗ್ಗಿ ಐದು ನಿಮಿಷ ನೋಡಿದ ಮೇಲೆ ಕಂಡವು, ಅಂಗಾತ ಈಜುತ್ತಾ, ಎರಡು ಹೆಣ್ಣು ಚೀಲ ಹೊತ್ತುಕೊಂಡು.

ಬೋರ್ಡಲ್ಲಿ ಎರಡನೇ ಹಂತ ಅಂತ ಬರೆದಿರೋದು ಆ ಕೋತಿದೊಣೆಯನ್ನೇ. ಭಾನುವಾರ ಬೆಳಗ್ಗೆ ಏಳಕ್ಕೆ ಕೆಲಸ ಶುರು. ಆ ಹುಡುಗನಿಗೆ ನನ್ನ ತಪ್ಪನ್ನೂ ಸೇರಿಸಿ ಎಲ್ಲಾ ಹೇಳಿದೀನಿ. ಮೇಲಿನವರನ್ನ ಕೇಳಿ ಹೇಳ್ತೀನಿ ಮೇಡಂ ಅಂದಿದಾನೆ, ಇನ್ನೂ ಫೋನ್ ಬಂದಿಲ್ಲ. ನಾನು ಆರಕ್ಕೇ ಗಾಜಿನ ಬಟ್ಟಲು, ಟಾರ್ಚು ತಗೊಂಡು ಅಲ್ಲಿರ್ತೀನಿ. ತುಮಕೂರು, ಮಧುಗಿರಿ, ಕೊರಟಗೆರೆ ಕಡೆಯ ಹಳೇ ಮಕ್ಕಳು ಯಾರಾದರೂ ಬರೋ ಹಾಗಿದ್ದರೆ ಬನ್ನಿ. ಮೇಲೆ ನೆರಳಿಲ್ಲ, ನೀರು ತನ್ನಿ.