ಬಾವಿಗಿಳಿಯದೆ ಮಸೂದೆ ತಡೆಯುವವರು

‘ನೂರಕ್ಕೆ ಐವತ್ಮೂರು ಸೀಟು ಇಟ್ಟುಕೊಂಡೂ ಕಚೇರಿಗಳಿಗೆ ಬೀಗ ಹಾಕಿ ಕೂತಿದ್ದಾರಲ್ಲ, ಎಂಥಾ ದೊಡ್ಡಣ್ಣನೋ ನಿಮ್ಮೋನು!’ 2025ರ ಅಕ್ಟೋಬರ್ 1ರಿಂದ 43 ದಿನ ಖರ್ಚಿನ ಮಸೂದೆ ಪಾಸಾಗದೆ ಅಮೆರಿಕ ಸರ್ಕಾರದ ಕೆಲಸ ನಿಂತಾಗ, ಇಲ್ಲಿರುವ ನನಗೆ ಊರಿನಿಂದ ಬಂದ ಫೋನುಗಳಲ್ಲಿ ಇದೇ ಕುಟುಕು. ಆ ಐವತ್ಮೂರು ಸೀಟು ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ್ದು, ನೂರು ಸದಸ್ಯರ ಮೇಲ್ಮನೆ ಸೆನೆಟ್ಟಿನಲ್ಲಿ. ಉತ್ತರ ಇರುವುದು ಅದೇ ಸೆನೆಟ್ಟಿನ 22ನೇ ನಿಯಮದಲ್ಲಿ.

ಚರ್ಚೆ ಮುಗಿಯದೆ ಮಸೂದೆ ಮತಕ್ಕೆ ಬರುವುದಿಲ್ಲ. ಚರ್ಚೆ ಸಾಕು ಎನ್ನಲು ಇಲ್ಲಿ 16 ಸದಸ್ಯರ ಸಹಿ ಬೇಕು. ಸಹಿಪತ್ರ ಕೊಟ್ಟ ಮೇಲೆ ನಡುವೆ ಕಲಾಪದ ಒಂದು ದಿನ ಕಳೆಯಬೇಕು, ಆಮೇಲೆ ಮತ. ಗೆಲ್ಲಲು 60. ಗೆದ್ದರೂ ಮತ್ತೆ 30 ಗಂಟೆ ಚರ್ಚೆಗೆ ಅವಕಾಶ. ಮಸೂದೆ ಕೈಗೆತ್ತಿಕೊಳ್ಳುವುದಕ್ಕೇ ಒಮ್ಮೆ, ಮಸೂದೆಗೆ ಇನ್ನೊಮ್ಮೆ ಇಷ್ಟೂ ಆದರೆ ವಾರ ಕಳೆದೇ ಹೋಗುತ್ತದೆ. 1975ಕ್ಕೆ ಮುಂಚೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಸಾಕಿತ್ತು. ಈಗ ಲೆಕ್ಕ ಒಟ್ಟು ಸದಸ್ಯಬಲದ್ದು. ಗೈರಾದವನೂ ತಡೆಯುವವರ ಪಾಲಿಗೇ ಜಮೆ.

ನಮ್ಮವರು ಬಾವಿಗಿಳಿದು, ಪ್ರತಿ ಹರಿದು, ಪೀಠದತ್ತ ತೂರಿದರೂ ದಕ್ಕುವುದೇನು? 2025ರ ಮಾರ್ಚಿನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಮಸೂದೆ ‘ಗದ್ದಲದ ನಡುವೆಯೇ’ ಪಾಸಾಯಿತು, 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ವಿರೋಧ ಪಕ್ಷಕ್ಕೆ ಗಂಟಲಷ್ಟೇ ಕೊಟ್ಟು, ನಿಯಮದ ಬಲ ಕೊಡದಿದ್ದರೆ ಇನ್ನೇನಾದೀತು?

ಹಾಗೆಂದು ಇಲ್ಲಿನ ಪಕ್ಷಗಳೇನೂ ನಿಯಮಕ್ಕೆ ನಿತ್ಯಪೂಜೆ ಮಾಡುವವರಲ್ಲ. ನಿಯಮ ತಿದ್ದುವ ಚರ್ಚೆ ನಿಲ್ಲಿಸಲು ಇಂದಿಗೂ ಮೂರನೇ ಎರಡು ಮತ ಬೇಕು, ಆದ್ದರಿಂದ ಅಡ್ಡದಾರಿ: ಬಹುಮತದ ನಾಯಕ ‘ಅರ್ಧಕ್ಕಿಂತ ಹೆಚ್ಚು ಮತ ಸಾಕು’ ಎಂದು ಕ್ರಿಯಾಲೋಪ (ನಿಯಮದ ಪ್ರಕಾರ ನಡೆಯುತ್ತಿಲ್ಲವೆಂಬ ಆಕ್ಷೇಪ) ಎತ್ತುತ್ತಾನೆ, ಪೀಠ ಒಪ್ಪುವುದಿಲ್ಲ, ಆ ರೂಲಿಂಗನ್ನೇ ಸರಳ ಬಹುಮತದಿಂದ ತಳ್ಳಿಹಾಕುತ್ತಾರೆ. ನಿಯಮದ ಒಂದಕ್ಷರವೂ ಬದಲಾಗದೆ ಅರ್ಥ ಬದಲು. 2013ರಲ್ಲಿ ಡೆಮಾಕ್ರಟ್ ಹ್ಯಾರಿ ರೀಡ್ ಅಧ್ಯಕ್ಷರ ನೇಮಕಾತಿಗಳಿಗೆ ಹೀಗೆ ಮಾಡಿದರು, ಸುಪ್ರೀಂ ಕೋರ್ಟ್ ಬಿಟ್ಟು. ಆಗ ಬೊಬ್ಬೆ ಹಾಕಿದ ರಿಪಬ್ಲಿಕನ್ನರೇ 2017ರಲ್ಲಿ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿ ಗೊರ್ಸಚ್ ನೇಮಕಕ್ಕಾಗಿ ಆ ಒಂದು ಬೇಲಿಯನ್ನೂ ಮುಗಿಸಿದರು. 2022ರಲ್ಲಿ ಮತದಾನ ಹಕ್ಕಿನ ಮಸೂದೆಗೆ ವಿನಾಯಿತಿ ಕೇಳಿದ ಡೆಮಾಕ್ರಟರಿಗೆ ಸ್ವಪಕ್ಷದ ಸದಸ್ಯರಾದ ಜೋ ಮ್ಯಾಂಚಿನ್, ಕಿರ್ಸ್ಟನ್ ಸಿನೆಮಾ ಕೈಕೊಟ್ಟರು. ಅದೇ ಡೆಮಾಕ್ರಟರು 2025ರಲ್ಲಿ ಅರವತ್ತರ ಬೇಲಿಗೇ ಆತು ನಿಂತರು. ಬೇಲಿ ಕಿತ್ತುಹಾಕಿ ಎಂದು ಟ್ರಂಪ್ ಒತ್ತಾಯಿಸಿದರೂ ಅವರದೇ ಪಕ್ಷದ ನಾಯಕ ಥೂನ್ ಒಪ್ಪಲಿಲ್ಲ. ನಾಳೆ ತಾವೂ ಆಚೆ ಬದಿ ಕೂರಬೇಕಾದೀತು ಎಂಬ ಎಚ್ಚರ ಅದು. ಕೊನೆಗೆ ಎದುರು ಬಣದ ಎಂಟು ಮಂದಿ ಬಂದ ಮೇಲೇ 60 ತುಂಬಿದ್ದು.

ಈ ಎಚ್ಚರ ನನಗಿಷ್ಟ. ಆದರೆ ಒಪ್ಪಬೇಕಾದ್ದೂ ಇದೆ. 1957ರಲ್ಲಿ ಸೆನೆಟ್ ಸದಸ್ಯ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ನಿಂತು ಮಾತಾಡಿದ್ದು ಕರಿಯರ ಹಕ್ಕಿನ ಮಸೂದೆಯ ವಿರುದ್ಧ. ಈಗ ಆ ನಿಲ್ಲುವ ಕಷ್ಟವೂ ಇಲ್ಲ: 60 ಸಿಗುವುದಿಲ್ಲವೆಂದು ಗೊತ್ತಾದರೆ ಸಾಕು, ಮಸೂದೆ ಮೂಲೆ ಸೇರುತ್ತದೆ, ಸದನ ಬೇರೆ ಕೆಲಸಕ್ಕೆ ಹೋಗುತ್ತದೆ. ನಮ್ಮ ವಿಧಾನಸಭೆಯಲ್ಲೂ 2019ರ ಜುಲೈ 18ರಿಂದ ವಿಶ್ವಾಸಮತವನ್ನು ಭಾಷಣಗಳಿಂದಲೇ ಎಳೆದರು, ಅದೂ ಆಡಳಿತ ಪಕ್ಷದವರೇ. ರಾಜ್ಯಪಾಲರ ಗಡುವು ಮೀರಿತು, ವಾರಾಂತ್ಯ ಕಳೆಯಿತು. ಆದರೂ ಆರನೇ ದಿನ ಮತಕ್ಕೆ ಹಾಕಲೇಬೇಕಾಯಿತು: 99–105.